ಫರ್ದರ್ ಮ್ಯಾಥ್ಸ್ ಆರಿಸಿಕೊಂಡ ಸೋದರಸೊಸೆಗೆ

ಚಿರಂಜೀವಿ ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ಇಲ್ಲಿ ನಾನೂ ನಿನ್ನ ಅತ್ತೆಯೂ ಕ್ಷೇಮ. ಗುರುವಾರ, ನಮ್ಮೂರಿನ ಎಸ್ಸೆಸ್ಸೆಲ್ಸಿಯ ಹಾಗಿರುವ ಇಂಗ್ಲೆಂಡಿನ ಜಿಸಿಎಸ್‌ಇ ಫಲಿತಾಂಶ ಬಂದ ಕೂಡಲೇ ನಿನ್ನ ಅಮ್ಮ ಫೋನ್ ಮಾಡಿ, ಗಣಿತದಲ್ಲಿ ನಿನಗೆ ಎಲ್ಲಕ್ಕಿಂತ ಮೇಲಿನ ಗ್ರೇಡ್ 9 ಬಂದಿರುವುದನ್ನೂ, ಮುಂದಿನ ಎರಡು ವರ್ಷದ ಎ-ಲೆವೆಲ್ ಓದಿಗೆ ಸಿಕ್ಸ್ತ್ ಫಾರ್ಮ್ ಕಾಲೇಜಿನಲ್ಲಿ ನೀನು ಗಣಿತ, ಅದರ ಮುಂದಿನ ಹಂತವಾದ ಫರ್ದರ್ ಮ್ಯಾಥ್ಸ್, ಭೌತಶಾಸ್ತ್ರ, ರಸಾಯನಶಾಸ್ತ್ರ ಎಂದು ನಾಲ್ಕು ವಿಷಯಗಳನ್ನು ಬರೆದುಕೊಟ್ಟಿರುವುದನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಭಾರವಾದೀತೇ ಎಂದು ಕೇಳಿದ್ದು ಅವಳು, ನೀನಲ್ಲ. ಆದರೂ ಉತ್ತರವನ್ನು ನಿನಗೇ ಬರೆಯುತ್ತಿದ್ದೇನೆ. ಇಂಥದೇ ಒಂದು ಕಾಲೇಜಿನಲ್ಲಿ 22 ವರ್ಷ ಗಣಿತ ಕಲಿಸಿದವನು ಫೋನಿನಲ್ಲಿ ಹಿತವಚನ ಹೇಳಹೊರಟರೆ ಅದು ಬೇಗನೆ ಉಪನ್ಯಾಸವಾಗಿಬಿಡುತ್ತದೆ.

ಮೊದಲು ಲೆಕ್ಕಾಚಾರವನ್ನು ತಿಳಿದುಕೋ. 2017ರಲ್ಲಿ ಪಠ್ಯಕ್ರಮ ಬದಲಾದ ಮೇಲೆ ಎರಡು ವರ್ಷದ ಓದನ್ನೆಲ್ಲ ಕೊನೆಯ ಬೇಸಿಗೆಯಲ್ಲಿಯೇ ಪರೀಕ್ಷಿಸುತ್ತಾರೆ. ನಿನ್ನ ಕಾಲೇಜು ಅನುಸರಿಸುವ ಎಡೆಕ್ಸೆಲ್ ಎಂಬ ಪರೀಕ್ಷಾ ಮಂಡಳಿಯ ಪಠ್ಯಕ್ರಮದಲ್ಲಿ ಗಣಿತಕ್ಕೆ ಎರಡೆರಡು ಗಂಟೆಯ ಮೂರು ಪ್ರಶ್ನೆಪತ್ರಿಕೆಗಳು, ಫರ್ದರ್ ಮ್ಯಾಥ್ಸ್‌ಗೆ ಒಂದೂವರೆ ಗಂಟೆಯ ನಾಲ್ಕು. ಒಟ್ಟು 12 ಗಂಟೆ, 600 ಅಂಕ. ಪರೀಕ್ಷೆ ಅಷ್ಟು ದೂರವಿರುವುದರಿಂದ ಮೊದಲ ವರ್ಷ ನಿಶ್ಶಬ್ದವಾಗಿರುತ್ತದೆ, ಆ ನಿಶ್ಶಬ್ದಕ್ಕೆ ಮೋಸಹೋಗುವವರು ಬಹಳ ಮಂದಿ. ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗ ನಿನ್ನ ಅಧ್ಯಾಪಕರು ಇಂಥ ಗ್ರೇಡ್ ಬಂದೀತು ಎಂದು ಮುಂಚಿತವಾಗಿ ಬರೆದುಕೊಡುವುದು ಆ ಮೊದಲ ವರ್ಷದ ನಿನ್ನ ಕೆಲಸವನ್ನು ನೋಡಿಯೇ.

ಇಷ್ಟು ದಿನ ತರಗತಿಯಲ್ಲಿ ಮೊದಲು ಕೈ ಎತ್ತುವವಳು ನೀನಾಗಿದ್ದೆ. ಸೆಪ್ಟೆಂಬರಿನಲ್ಲಿ ನಿನ್ನ ಅಕ್ಕಪಕ್ಕ ಕೂರುವವರೆಲ್ಲ ಹಾಗೆಯೇ ಇದ್ದವರು. ಹಿಂದೆಂದೂ ಒಂದು ಲೆಕ್ಕ ತಪ್ಪದ ಮಕ್ಕಳು ಅಕ್ಟೋಬರ್ ಹೊತ್ತಿಗೆ ಮುಖ ಸಪ್ಪೆ ಮಾಡಿಕೊಂಡು ನನ್ನ ಬಳಿ ಬಂದು, ಫರ್ದರ್ ಬಿಟ್ಟುಬಿಡುತ್ತೇನೆ ಸಾರ್, ಎನ್ನುತ್ತಿದ್ದುದನ್ನು ಪ್ರತಿ ವರ್ಷವೂ ಕಂಡಿದ್ದೇನೆ. ಅವರಲ್ಲಿ ನಿಜವಾಗಿ ಬಿಡಬೇಕಾದವರು ಕೆಲವರಿದ್ದರು. ಉಳಿದವರಿಗೆ ಗಣಿತ ಕಷ್ಟವಾಗಿರಲಿಲ್ಲ, ತಪ್ಪು ಮಾಡುವುದೇ ಅಭ್ಯಾಸವಿರಲಿಲ್ಲ. ಆದ್ದರಿಂದ ಕ್ರಿಸ್ಮಸ್ ರಜೆಯವರೆಗೆ ಯಾವ ವಿಷಯವನ್ನೂ ಬಿಡಬೇಡ. ಆಮೇಲೆ ಬಿಡಲೇಬೇಕೆನಿಸಿದರೆ ರಸಾಯನಶಾಸ್ತ್ರವನ್ನು ಬಿಡು. ಎಂಜಿನಿಯರಿಂಗ್ ಓದಬೇಕೆನ್ನುವ ನಿನಗೆ ಉಳಿದ ಮೂರು ಸಾಕು. (ಅಮ್ಮನಿಗೆ ಈ ಸಾಲನ್ನು ಓದಿ ಹೇಳಬೇಕಾಗಿಲ್ಲ.)

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಸಾಲು ಬರೆಯುವ ವಿಷಯ. ನಿನಗೆ ಉತ್ತರ ತಲೆಯಲ್ಲೇ ಹೊಳೆಯುತ್ತದೆ, ನಡುವಿನ ಹೆಜ್ಜೆಗಳನ್ನು ನುಂಗಿ ಉತ್ತರದ ಕೆಳಗೆ ಎರಡು ಗೆರೆ ಎಳೆಯುತ್ತೀಯೆ. ಇಲ್ಲಿಯ ಮೌಲ್ಯಮಾಪನದಲ್ಲಿ ವಿಧಾನಕ್ಕೆ ಬೇರೆ ಅಂಕ, ನಿಖರತೆಗೆ ಬೇರೆ ಅಂಕ; ಅನೇಕ ಪ್ರಶ್ನೆಗಳಲ್ಲಿ ಉತ್ತರವನ್ನು ಅವರೇ ಕೊಟ್ಟು ಅಲ್ಲಿಗೆ ತಲುಪುವ ದಾರಿಯನ್ನಷ್ಟೇ ಕೇಳುತ್ತಾರೆ, ಇನ್ನು ಕೆಲವಕ್ಕೆ ಕೇವಲ ಕ್ಯಾಲ್ಕುಲೇಟರ್ ನೆಚ್ಚಿದ ಉತ್ತರ ಸಲ್ಲದು ಎಂದು ಮೇಲೆಯೇ ಮುದ್ರಿಸಿರುತ್ತಾರೆ.

ಒಂದು ಚಿಕ್ಕ ಉದಾಹರಣೆ ಕೊಡುತ್ತೇನೆ. ಸಮ್ಮಿಶ್ರ ಸಂಖ್ಯೆಗಳ ಪಾಠದಲ್ಲಿ −1ರ ವರ್ಗಮೂಲವನ್ನು ಐ ಎಂದು ಕರೆದು, −1 − ಐ ಎಂಬ ಬಿಂದು ಯಾವ ಕೋನದಲ್ಲಿದೆ ಎಂದು ಕೇಳುತ್ತಾರೆ. ಅವಸರದವರು −1ನ್ನು −1ರಿಂದ ಭಾಗಿಸಿ, 1 ಬಂತೆಂದು ಕ್ಯಾಲ್ಕುಲೇಟರಿನಲ್ಲಿ ಟ್ಯಾನ್ ವಿಲೋಮ ಒತ್ತಿ, 45 ಡಿಗ್ರಿ ಎಂದು ಬರೆದು ಮುಂದೆ ಹೋಗುತ್ತಾರೆ. ಎರಡು ಅಕ್ಷ ಎಳೆದು ಒಂದು ಚುಕ್ಕಿ ಇಟ್ಟಿದ್ದರೆ ಬಿಂದು ಕೆಳಗೆ ಎಡಗಡೆ ಇರುವುದು ಕಣ್ಣಿಗೆ ಬೀಳುತ್ತಿತ್ತು. ಸರಿಯಾದ ಕೋನ −135 ಡಿಗ್ರಿ. ನಮ್ಮ ನೃಪತುಂಗನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯರು, ಋಣಸಂಖ್ಯೆ ಸ್ವಭಾವತಃ ವರ್ಗವಲ್ಲದ ಕಾರಣ ಅದಕ್ಕೆ ವರ್ಗಮೂಲವಿಲ್ಲ ಎಂದು 9ನೆಯ ಶತಮಾನದಲ್ಲಿಯೇ ಸ್ಪಷ್ಟವಾಗಿ ಬರೆದಿಟ್ಟರು. ಅವರು ಇಲ್ಲವೆಂದ ಆ ವರ್ಗಮೂಲವನ್ನು ನೀನು ಮೊದಲ ತಿಂಗಳಲ್ಲೇ ಕೂಡಿ ಕಳೆದು ಗುಣಿಸುವೆ. ಆದರೆ ಅವರ ವಾಕ್ಯದಲ್ಲಿರುವ ‘ಆದ ಕಾರಣ’ವನ್ನು ಮಾತ್ರ ಕಲಿತುಕೋ. ಅವರು ಇಲ್ಲವೆಂದು ಹೇಳಿ ಸುಮ್ಮನಾಗಲಿಲ್ಲ, ಏಕೆ ಇಲ್ಲವೆಂಬುದನ್ನೂ ಹೇಳಿದರು.

ಒಂದು ಹೇಳಿಕೆ ಎಲ್ಲ ಸಂಖ್ಯೆಗಳಿಗೂ ನಿಜವೆಂದು ಒಂದೊಂದೇ ಹೆಜ್ಜೆ ಇಟ್ಟು ತೋರಿಸುವ ಇಂಡಕ್ಷನ್ ಸಾಧನೆಯಲ್ಲಂತೂ ಹೀಗೆ ಕಾರಣ ಹೇಳುವುದು ಪ್ರಾಣವಿದ್ದಂತೆ. ಯಾವುದೋ ಒಂದು ಸಂಖ್ಯೆ ಕೆ, ಅದಕ್ಕೆ ಹೇಳಿಕೆ ನಿಜವೆಂದಿಟ್ಟುಕೊಂಡು, ಅದರ ಮುಂದಿನ ಸಂಖ್ಯೆಗೂ ನಿಜವೆಂದು ತೋರಿಸಬೇಕು. ಎಲ್ಲ ಸಂಖ್ಯೆಗಳಿಗೂ ನಿಜವೆಂದು ಇಟ್ಟುಕೊಳ್ಳೋಣ ಎಂದು ಬರೆದರೆ, ಸಾಧಿಸಬೇಕಾದದ್ದನ್ನೇ ಮೊದಲು ಬೇಡಿ ಪಡೆದಂತಾಯಿತು. ನಾನು ಪಿಯುಸಿಯಲ್ಲಿ ಇಂಥ ಸಾಧನೆಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿ ಅಂಕ ಗಳಿಸಿದವನು. ಪದವಿಯ ಮೊದಲ ವರ್ಷ ಮೇಷ್ಟ್ರು ಬೋರ್ಡಿನ ಮುಂದೆ ನಿಲ್ಲಿಸಿ, ನೀನು ಇಟ್ಟುಕೊಂಡ ಆ ಮಾತನ್ನು ಯಾವ ಸಾಲಿನಲ್ಲಿ ಬಳಸಿದೆ ತೋರಿಸು ಎಂದಾಗ ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಆರು ಸಾಲಿನ ಮೇಲೂ ಅಲೆದಾಡಿತು. ಆ ಪ್ರಶ್ನೆಯನ್ನು ಮುಂದೆ ನನ್ನ ಪ್ರತಿಯೊಬ್ಬ ವಿದ್ಯಾರ್ಥಿಗೂ ಕೇಳಿದೆ, ಈಗ ನಿನಗೂ ಕೇಳುತ್ತಿದ್ದೇನೆ.

ದಾವಣಗೆರೆಯಲ್ಲಿರುವ ನಿನ್ನ ದೊಡ್ಡಪ್ಪನ ಮಗ ಸಿಇಟಿಗೆಂದು 80 ನಿಮಿಷದಲ್ಲಿ 60 ಪ್ರಶ್ನೆ ಮಾಡುವುದನ್ನು ಅಭ್ಯಾಸ ಮಾಡುತ್ತಿದ್ದಾನೆ, ಎಂದರೆ ಪ್ರಶ್ನೆಗೆ 80 ಸೆಕೆಂಡು. ಅದು ಅವನ ಅಗತ್ಯ, ಅದನ್ನು ಹಳಿಯುವುದಿಲ್ಲ. ಕೇಂಬ್ರಿಡ್ಜಿನಲ್ಲಿ ಗಣಿತ ಓದಬಯಸುವವರು ಬರೆಯುವ ಸ್ಟೆಪ್ ಪರೀಕ್ಷೆಯಲ್ಲಿಯಾದರೆ ಮೂರು ಗಂಟೆಯಲ್ಲಿ 12 ಪ್ರಶ್ನೆಗಳ ಪೈಕಿ ಉತ್ತಮವಾದ ಆರನ್ನು ಮಾತ್ರ ಎಣಿಸುತ್ತಾರೆ, ಒಂದೊಂದಕ್ಕೂ ಅರ್ಧ ಗಂಟೆ. ನೀನು ಅದನ್ನು ಬರೆಯದಿದ್ದರೂ, ಹಳೆಯ ಪ್ರಶ್ನೆಪತ್ರಿಕೆಗಳಿಂದ ವಾರಕ್ಕೊಂದನ್ನು ಆರಿಸಿ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಅರ್ಧ ಗಂಟೆ ಅದರ ಮುಂದೆ ಕೂರು. ಬಿಡಿಸಲಾಗದಿದ್ದರೆ ಎಲ್ಲಿ ನಿಂತೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದಿಡು.

ಗಣಿತದೊಳಗೇ ಬರುವ ಸಂಖ್ಯಾಶಾಸ್ತ್ರವನ್ನು ಸುಲಭವೆಂದು ಕಡೆಗಣಿಸಬೇಡ. 1987 ಮತ್ತು 2015ರ ಹವಾಮಾನದ ಒಂದು ದೊಡ್ಡ ದತ್ತಾಂಶವನ್ನು ನಿಮಗೆ ಕೊಡುತ್ತಾರೆ. ಅದರ ಮಳೆಯ ಅಂಕಣದಲ್ಲಿ ಅಲ್ಲಲ್ಲಿ ‘ಟಿಆರ್’ ಎಂದಿರುತ್ತದೆ, 0.05 ಮಿಲಿಮೀಟರಿಗಿಂತ ಕಡಿಮೆ ಮಳೆ ಎಂದು ಅದರ ಅರ್ಥ, ಸರಾಸರಿ ತೆಗೆಯುವ ಮೊದಲು ಅದಕ್ಕೊಂದು ಸಂಖ್ಯೆ ಕೊಡಬೇಕು. ಬೀಜಿಂಗ್, ಪರ್ತ್ ಎಲ್ಲ ಇರುವ ಆ ಪಟ್ಟಿಯಲ್ಲಿ ನಮ್ಮ ಆಗುಂಬೆ ಇದ್ದಿದ್ದರೆ ಮಳೆಗಾಲದಲ್ಲಿ ಆ ತೊಂದರೆಯೇ ಬರುತ್ತಿರಲಿಲ್ಲ. ಆದರೆ ಫರ್ದರ್ ಮ್ಯಾಥ್ಸ್ ವಿಷಯದ ಐಚ್ಛಿಕ ಭಾಗಗಳಲ್ಲಿ ನಿನಗೆ ಆಯ್ಕೆ ಕೊಟ್ಟರೆ, ಎಂಜಿನಿಯರಿಂಗಿಗೆ ಹೋಗುವವಳು ನೀನು, ಮೆಕ್ಯಾನಿಕ್ಸ್ ತೆಗೆದುಕೋ.

ಅಂಗಡಿಯಲ್ಲಿ ಸಿಗುವ ಸಾದಾ ನೋಟ್‌ಬುಕ್ ಒಂದನ್ನು ತಪ್ಪಿದ ಲೆಕ್ಕಗಳಿಗೆಂದೇ ಮೀಸಲಿಡು. ಎಡಪುಟದಲ್ಲಿ ನೀನು ಮಾಡಿದ್ದನ್ನು ಅಳಿಸದೆ ಹಾಗೆಯೇ ಇಳಿಸು, ಬಲಪುಟದಲ್ಲಿ ಸರಿಯಾದದ್ದನ್ನು ಪೂರ್ತಿ ಸಾಲುಗಳಲ್ಲಿ ಬರೆ. ಅಕ್ಟೋಬರ್ ಕೊನೆಯ ಹಾಫ್ ಟರ್ಮ್ ರಜೆಗೆ ನೀವೆಲ್ಲ ಇಲ್ಲಿಗೆ ಬರುತ್ತೀರೆಂದು ಅಮ್ಮ ಹೇಳಿದ್ದಾಳೆ, ಬರುವಾಗ ಆ ಪುಸ್ತಕವನ್ನು ಮರೆಯದೆ ತಾ. ನಿನ್ನ ಅತ್ತೆ ಹೋಳಿಗೆ ಮಾಡುತ್ತಾಳಂತೆ. ನಾನು ಎಡಪುಟಗಳನ್ನು ಮಾತ್ರ ನೋಡುತ್ತೇನೆ.

ಇಂತಿ ನಿನ್ನ ಪ್ರೀತಿಯ
ಮಾವ