ನನಗೆ ಇಂಗ್ಲಿಷ್ ಕಲಿಸಿದ ಕರಪತ್ರ

ಹೋದ ವಾರ ಇಂಗ್ಲಿಷ್ ಮಾತಿನ ಪರೀಕ್ಷೆ ಪಾಸಾದೆ. ಹತ್ತು ನಿಮಿಷ, ಚೀಟಿ ನೋಡದೆ, ಮಾತಾಡಿದೆ. ಮನೆಗೆ ಬಂದು ಒಬ್ಬಳೇ ಅತ್ತೆ. ಖುಷಿಗೇ. ಅದಕ್ಕೇ ಥ್ಯಾಂಕ್ಸ್ ಹೇಳಲೇಬೇಕು ಅಂತ ಕೂತಿದ್ದೇನೆ.

ಎರಡು ವರ್ಷದ ಹಿಂದೆ ಕೆಲಸದ ಜಾಗದಲ್ಲಿ ಮೀಟಿಂಗ್ ನಡೀತಿತ್ತು. ನಾನು ಇಂಗ್ಲಿಷಿನಲ್ಲಿ ಹೇಳಿದ ಒಂದು ವಾಕ್ಯ ತಪ್ಪಾಯಿತು, ಮೂರ್ನಾಲ್ಕು ಜನ ಜೋರಾಗಿ ನಕ್ಕರು. ಆಮೇಲೆ ತಿಂಗಳುಗಟ್ಟಲೆ ಅಲ್ಲಿ ಬಾಯಿ ಬಿಡಲಿಲ್ಲ. ಕೊನೆಗೆ ಒಂದು ಇಂಗ್ಲಿಷ್ ಕ್ಲಾಸಿಗೆ ಸೇರಿದೆ.

ನಮ್ಮ ಮೇಡಂ ಮೊದಲ ದಿನವೇ ಗ್ರಾಮರ್ ಪುಸ್ತಕ ಪಕ್ಕಕ್ಕಿಟ್ಟು ಒಂದು ಹಾಳೆ ಹಂಚಿದರು. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯ ಕರಪತ್ರ ಅದು. 1955ರ ಡಿಸೆಂಬರ್ 1ರಂದು ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲಿಲ್ಲ ಅಂತ ರೋಸಾ ಪಾರ್ಕ್ಸ್ ಅನ್ನೋ ಕಪ್ಪು ಜನಾಂಗದ ಮಹಿಳೆಯನ್ನು ಅರೆಸ್ಟ್ ಮಾಡಿದರಲ್ಲ, ಅದೇ ರಾತ್ರಿ ಜೋ ಆನ್ ರಾಬಿನ್ಸನ್ ಅನ್ನೋರು, ಸೋಮವಾರ ಯಾರೂ ಬಸ್ ಹತ್ತಬೇಡಿ ಅಂತ ಇದನ್ನು ಬರೆದು, ನಿದ್ದೆಗೆಟ್ಟು, ಸಾವಿರಾರು ಪ್ರತಿ ಅಚ್ಚು ಹಾಕಿದರು. ಅವರೂ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವರೇ.

ಕರಪತ್ರದ ಮೊದಲ ಪದ 'ಅನದರ್'. ಒಂದು ಇಡೀ ಕ್ಲಾಸು ಆ ಒಂದೇ ಪದದಲ್ಲಿ ಕಳೆಯಿತು. 'ಇನ್ನೊಬ್ಬ' ಹೆಂಗಸು ಅಂದರೆ ಮುಂಚೆ ಒಬ್ಬರಿದ್ದರು ಅಂತ ತಾನೇ? ಇದ್ದರು. ಅದೇ ವರ್ಷ ಮಾರ್ಚ್‌ನಲ್ಲಿ ಕ್ಲಾಡೆಟ್ ಕಾಲ್ವಿನ್ ಅನ್ನೋ 15 ವರ್ಷದ ಹುಡುಗಿಯನ್ನು ಇದೇ ಕಾರಣಕ್ಕೆ ಹಿಡಿದುಕೊಂಡು ಹೋಗಿದ್ದರು. ಆಮೇಲೆ 'ಹ್ಯಾಸ್ ಬೀನ್ ಅರೆಸ್ಟೆಡ್', ಅವಳನ್ನು ಬಂಧಿಸಲಾಗಿದೆ. ಆದರೆ ಅದೇ ವಾಕ್ಯದಲ್ಲಿ 'ಶಿ ರೆಫ್ಯೂಸ್ಡ್', ಅವಳು ಒಪ್ಪಲಿಲ್ಲ. ಮೊದಲನೆಯದು ಅವಳಿಗೆ ಆಗಿದ್ದು, ಎರಡನೆಯದು ಅವಳೇ ಮಾಡಿದ್ದು. ಪ್ಯಾಸಿವ್ ವಾಯ್ಸ್, ಆಕ್ಟಿವ್ ವಾಯ್ಸ್ ನನ್ನ ತಲೆಗೆ ಹತ್ತಿದ್ದೇ ಆವತ್ತು.

ಇನ್ನೊಂದು ವಿಷಯ. ಆ ಕರಪತ್ರದಲ್ಲಿ ಕಾಲ್ವಿನ್ ಹೆಸರು 'ಕೋಲ್ಬರ್ಟ್' ಅಂತ ತಪ್ಪಾಗಿ ಅಚ್ಚಾಗಿದೆ. ಮೇಡಂ ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, "ಇಷ್ಟು ದೊಡ್ಡ ತಪ್ಪಿದ್ದೂ ಜನ ಓದಿದರು, ಅರ್ಥ ಮಾಡಿಕೊಂಡರು, ಸೋಮವಾರ ಬಸ್ ಹತ್ತಲಿಲ್ಲ" ಅಂದರು. ಡಿಸೆಂಬರ್ 5ರಂದು ಶುರುವಾದ ಆ ಬಸ್ ಬಹಿಷ್ಕಾರ 381 ದಿನ ನಡೆಯಿತು. ಕೆಲವರು ನಡೆದರು, ಕೆಲವರು ಕಾರು ಹಂಚಿಕೊಂಡರು, ಕೊನೆಗೆ ಬಸ್ಸಿನಲ್ಲಿದ್ದ ಕಪ್ಪು-ಬಿಳಿ ಭೇದ ಹೋಯಿತು. ತಪ್ಪು ಮಾಡಿದರೆ ಮಾತೇ ಮುಗಿಯಿತು ಅಂದುಕೊಂಡಿದ್ದ ನನಗೆ ಆ ಪೆನ್ಸಿಲ್ ಗೆರೆ ಎಷ್ಟು ಧೈರ್ಯ ಕೊಟ್ಟಿತು ಅಂತ ಮೇಡಂಗೆ ಇವತ್ತಿನವರೆಗೂ ಹೇಳಿಲ್ಲ.

ನನ್ನ ಜೊತೆ ಕೂರುತ್ತಿದ್ದ ಅಕ್ಕನಿಗೂ ಥ್ಯಾಂಕ್ಸ್. ಕ್ಲಾಸಿನಲ್ಲಿ ಇನ್ನೊಂದು ಪಾಠ ಓದಿದ್ದೆವು: ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಜೇಮ್ಸ್ ಲಾಸನ್ ಅನ್ನೋ ಹೋರಾಟಗಾರರು ವಿದ್ಯಾರ್ಥಿಗಳಿಗೆ ಅಹಿಂಸೆಯ ತರಬೇತಿ ಕೊಡುತ್ತಿದ್ದರು. ಕೆಲವರು ಬೈಯುವವರ, ತಳ್ಳುವವರ ಪಾತ್ರ ಮಾಡಬೇಕು, ಉಳಿದವರು ತಿರುಗಿ ಕೈ ಎತ್ತದೆ ಕೂತಿರಬೇಕು. 1960ರಲ್ಲಿ ಆ ವಿದ್ಯಾರ್ಥಿಗಳು ನಿಜವಾಗಿಯೂ, ಬಿಳಿಯರಿಗೆ ಮಾತ್ರ ಅಂತಿದ್ದ ಊಟದ ಕೌಂಟರುಗಳ ಮುಂದೆ ಹಾಗೇ ಕೂತರು. ಅವರು ತಿಂದ ಏಟಿಗೂ ನನ್ನ ನಾಚಿಕೆಗೂ ಹೋಲಿಕೆಯೇ ಇಲ್ಲ, ಅದು ನನಗೆ ಗೊತ್ತು. ಆದರೆ ಆ ಪಾಠ ಓದಿದ ದಿನ ನಾನು ಅಕ್ಕನನ್ನು ಒಂದು ಸಹಾಯ ಕೇಳಿದೆ. ನಾನು ಮಾತಾಡುವಾಗ ನೀವು ಬೇಕಂತಲೇ ನಗಬೇಕು, ನಾನು ನಿಲ್ಲಿಸದೆ ವಾಕ್ಯ ಮುಗಿಸಬೇಕು. ಮೊದಲ ಸಲ ಅರ್ಧಕ್ಕೇ ಗಂಟಲು ಕಟ್ಟಿತು. ಅಕ್ಕನಿಗೇ ಕಣ್ಣಲ್ಲಿ ನೀರು ಬಂತು, ನಗೋಕೆ ಆಗಲ್ಲ ಕಣೇ ಅಂದರು. ಆದರೂ ಎಂಟು ವಾರ ಬಿಡದೆ ನಕ್ಕರು. ಅಕ್ಕ, ಅದು ನಿಮಗೆ ಎಷ್ಟು ಕಷ್ಟ ಆಗಿತ್ತು ಅಂತ ನನಗೆ ಗೊತ್ತು.

ಪರೀಕ್ಷೆಯಲ್ಲಿ ನಿಮ್ಮ ಇಷ್ಟದ ವಿಷಯ ಹೇಳಿ ಅಂದರು. ನಾನು ಆ ಕರಪತ್ರದ ಬಗ್ಗೆಯೇ ಹೇಳಿದೆ. ನಡುವೆ ಎರಡು ಕಡೆ ತಪ್ಪಾಯಿತು, ನಿಲ್ಲಿಸಲಿಲ್ಲ. ಮೇಡಂ, ನನ್ನ ಹಾಳೆಯನ್ನು ಮುಂದಿನ ಬ್ಯಾಚಿಗೆ ಕೊಡುತ್ತಿದ್ದೇನೆ. ನಿಮ್ಮ ಪೆನ್ಸಿಲ್ ಗೆರೆ ಅದರಲ್ಲಿ ಹಾಗೇ ಇದೆ.