ಬಸವನ ಪಾದದಡಿಯ ನದಿ

ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆ ನಾಲ್ಕು ದಿನ ತಡ. ತಪ್ಪು ನನ್ನದೇ. ರಾತ್ರಿ ಹನ್ನೊಂದೂವರೆ, ಊಟದ ಟೇಬಲ್ ಒರೆಸಿ ಬರೆಯಲು ಕೂತಿದ್ದೇನೆ.

ಮೊನ್ನೆ ನಮ್ಮ ಕನ್ನಡ ಶಾಲೆಯಲ್ಲಿ ಅಪ್ಪ-ಅಮ್ಮನ ಊರಿನ ನಕ್ಷೆ ಬಿಡಿಸಿ ತರಲು ಹೇಳಿದ್ದರು. ಮಗಳು ಪೆನ್ಸಿಲ್ ಹಿಡಿದು ಕೇಳಿದಳು, "ಅಮ್ಮಾ, ಬೆಂಗಳೂರಿನ ನದಿ ಎಲ್ಲಿ ಬರೀಲಿ?" ಅವಳು ಸೈಕಲ್ ಕಲಿತದ್ದು ಇಲ್ಲಿಯ ನದಿ ದಂಡೆಯ ಪಾರ್ಕಿನಲ್ಲಿ. ಊರು ಅಂದ ಮೇಲೆ ನದಿ, ನದಿ ಅಂದ ಮೇಲೆ ಪಾರ್ಕು ಇರಬೇಕು ಅಂತ ಅವಳ ಲೆಕ್ಕ. "ನಮ್ಮೂರಲ್ಲಿ ನದಿ ಇಲ್ಲ ಪುಟ್ಟೀ, ಕಾವೇರಿ ನಲ್ಲೀಲಿ ಬರ್ತಾಳೆ" ಅಂದುಬಿಟ್ಟೆ. ಹೇಳಿದ ಮೇಲೆ ತಾತ ನೆನಪಾದರು.

ಕಾರ್ತಿಕದ ಕಡೇ ಸೋಮವಾರ, ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ದೊಡ್ಡ ಗಣಪತಿಗೆ ಕೈಮುಗಿದು, ಮೆಟ್ಟಿಲು ಹತ್ತಿ ದೊಡ್ಡ ಬಸವಣ್ಣನ ದರ್ಶನ ಮಾಡಿ, ಒಂದು ಸೇರು ಹಸಿ, ಒಂದು ಸೇರು ಹುರಿದದ್ದು ಕೊಳ್ಳುತ್ತಿದ್ದೆವು. ಕೊಸರು ಹಾಕಿಸಿಕೊಳ್ಳದೆ ತಾತ ಅಂಗಡಿ ಬಿಡುತ್ತಿರಲಿಲ್ಲ. ಆಮೇಲೆ ಪಕ್ಕದ ಬ್ಯೂಗಲ್ ರಾಕ್ ಪಾರ್ಕು. ಹಿಂದೆ ಕಾವಲಿನವರು ಆ ಬಂಡೆ ಹತ್ತಿ ಕಹಳೆ ಊದುತ್ತಿದ್ದರಂತೆ, ಅದಕ್ಕೇ ಕಹಳೆ ಬಂಡೆ. ಮರದ ತುಂಬ ತಲೆಕೆಳಗಾದ ಬಾವಲಿಗಳು. ಬಂಡೆ ಮೇಲೆ ಕೂತು ಕಾಯಿ ಸುಲಿಯುವುದು, ಸಿಪ್ಪೆ ತಾತನ ಜೇಬಿಗೆ. ಒಂದು ವರ್ಷ ಅವರು ಗುಡಿ ಕಡೆ ಕೈ ತೋರಿಸಿ, "ಬಸವನ ಪಾದದಡಿಯಿಂದ ನದಿ ಹುಟ್ಟುತ್ತೆ. ವೃಷಭ ಅಂದ್ರೆ ಬಸವ, ಅದಕ್ಕೇ ವೃಷಭಾವತಿ" ಅಂದರು. ನಾನು ಬಿದ್ದು ಬಿದ್ದು ನಕ್ಕೆ. "ತಾತಾ, ಅದು ಮೋರಿ ಅಲ್ವಾ?"

ಮೈಸೂರು ರಸ್ತೆಯಲ್ಲಿ ಬಸ್ಸಿಗೆ ಹೋದವರಿಗೆಲ್ಲ ಆ ಮೋರಿಯ ನಾತ ಗೊತ್ತು. ಗಾಳಿ ಆಂಜನೇಯನಿಗೆ ಕೈಮುಗಿದು ಇಳಿಸಿದ ಕೈ ಸೀದಾ ಮೂಗಿಗೆ. ಕೆಂಗೇರಿ ದಾಟಿದ ಮೇಲೇ ಉಸಿರು. ತಾತ ನಗಲಿಲ್ಲ. ಆ ಆಂಜನೇಯನ ಗುಡಿಯ ಪಕ್ಕ, ಇದೇ ನದಿಯಲ್ಲಿ, ಅವರ ಅಪ್ಪ ಸ್ನಾನ ಮಾಡುತ್ತಿದ್ದರಂತೆ.

ಬೆಂಗಳೂರು ಕೂತಿರುವುದು ದಿಬ್ಬದ ಬೆನ್ನಿನ ಮೇಲೆ. ಹಲಸೂರು, ಬೆಳ್ಳಂದೂರು ಕಡೆ ಬಿದ್ದ ಮಳೆ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತದೆ. ಬಸವನಗುಡಿ ಕಡೆಯದು ವೃಷಭಾವತಿ. ಕೆಂಗೇರಿ, ಬೈರಮಂಗಲ ಕೆರೆ, ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. 1898ರಲ್ಲಿ, ಪ್ಲೇಗಿನ ಹೊತ್ತಿನಲ್ಲಿ, ಬಸವನಗುಡಿ ಬಡಾವಣೆ ಎದ್ದಿತು. ಆಮೇಲೆ ಊರು ಬೆಳೆದಂತೆ ಬಚ್ಚಲ ನೀರೆಲ್ಲ ಈ ಹಳ್ಳಕ್ಕೇ. ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ತಂದ ಕಾವೇರಿ, ನಮ್ಮ ಪಾತ್ರೆ-ಬಟ್ಟೆ ತೊಳೆದು, ವೃಷಭಾವತಿಯ ಹೆಸರಿನಲ್ಲಿ ವಾಪಸ್ ಕಾವೇರಿಗೇ ಹೋಗುತ್ತಾಳೆ. ನಾವು ಮೂಗು ಮುಚ್ಚಿಕೊಂಡಿದ್ದು ನಮ್ಮದೇ ವಾಸನೆಗೆ.

ಅಂದರೆ ನಾನೂ ಬೆಳೆದದ್ದು ನದಿ ಪಕ್ಕದ ಪಾರ್ಕಿನಲ್ಲೇ. ಮಗಳಿಗೆ ಸುಮ್ನೆ ಸುಳ್ಳು ಹೇಳಿದಂತಾಯಿತು.

ಅಯ್ಯೋ, ಜಾಗ ಮುಗೀತಾ ಬಂತು. ರಾಜ್ಯೋತ್ಸವ ಬರುವ ಶನಿವಾರ ಸಂಜೆ 4ಕ್ಕೆ, ಎಂದಿನ ಸಭಾಂಗಣದಲ್ಲೇ. ನಾಲ್ಕು ಅಂದರೆ ನಾಲ್ಕು, ದಯವಿಟ್ಟು. ಬಿಸಿಬೇಳೆಬಾತ್ ಸಂಘದ್ದು, ಮೊಸರನ್ನಕ್ಕೆ ಎರಡು ಮನೆಯವರು ಬೇಕು. ಹೋದ ಸಲ ಏಳು ಮನೆಯಿಂದ ಕೇಸರಿಬಾತ್ ಬಂದಿತ್ತು, ಈ ಸಲ ಬೇಡ. ಸದಸ್ಯತ್ವದ ದುಡ್ಡು ಬಾಕಿ ಇರುವವರು ಬಾಗಿಲಲ್ಲೇ ಕೊಡಬಹುದು. ಪರಿಷೆಯ ನೆನಪಿಗೆ ಒಂದು ಬುಟ್ಟಿ ಕಡಲೆಕಾಯಿ ಇಡುತ್ತೇವೆ, ಸಿಪ್ಪೆ ನೆಲಕ್ಕೆ ಹಾಕಬೇಡಿ, ಸಭಾಂಗಣದವರು ಆಗಲೇ ಒಂದು ಸಲ ಮುಖ ಗಂಟಿಕ್ಕಿದ್ದಾರೆ. ಹಾಗೇ, ಈ ಪತ್ರಿಕೆಗೆ ಕರಡು ತಿದ್ದಲು ಯಾರಾದರೂ ಬನ್ನಿ. ತಿಂಗಳಿಗೆ ಎರಡು ಗಂಟೆ ಸಾಕು. ಐದು ವರ್ಷದಿಂದ ಒಬ್ಬಳೇ ಮಾಡುತ್ತಿದ್ದೇನೆ, ಈಗೀಗ ಒತ್ತಕ್ಷರಗಳು ಕಣ್ಣಿಗೆ ಕಾಣುತ್ತಿಲ್ಲ.

ಮಗಳ ನಕ್ಷೆ ನಾಲ್ಕನೇ ಪುಟದಲ್ಲಿದೆ. ಬಸವಣ್ಣನ ಕಾಲಿನ ಕೆಳಗಿಂದ ಒಂದು ಗೆರೆ ಹೊರಟಿದೆ ನೋಡಿ. ಅದಕ್ಕೆ ನೀಲಿ ಹಚ್ಚಲೋ ಕಪ್ಪು ಹಚ್ಚಲೋ ಅಂತ ಕೇಳಿದಳು. ನೀಲಿ ಅಂದೆ. ಬಣ್ಣದಲ್ಲಿ ಅಚ್ಚು ಹಾಕಿಸಲು ಸಂಘದಲ್ಲಿ ದುಡ್ಡಿಲ್ಲ. ನಿಮ್ಮ ಕೈಗೆ ಬರುವಷ್ಟರಲ್ಲಿ ಅದು ಕಪ್ಪಾಗಿರುತ್ತದೆ.