ಆ ನಾಲ್ಕು ನಿಮಿಷ ಸುಮ್ಮನಿದ್ದವರಿಗೆ

ಒಂದು ತಿಂಗಳಿಂದ ಬರೀಬೇಕು ಅಂದುಕೊಳ್ಳುತ್ತಲೇ ಇದ್ದೆ, ಕೂತಾಗಲೆಲ್ಲ ಏನೋ ನೆಪ ಸಿಕ್ಕಿ ಎದ್ದುಬಿಡುತ್ತಿದ್ದೆ. ನೀವೆಲ್ಲ ಕೇಳುತ್ತಿದ್ದಿರಲ್ಲ, ಹೌದು, ಹಾರುವಾಗ ನನ್ನ ಪುಟ್ಟ ವಿಮಾನದ ಎಂಜಿನ್ ನಿಂತಿದ್ದು ನಿಜ, ಹೊಲದಲ್ಲಿ ಇಳಿಸಿದ್ದೂ ನಿಜ. ನಾನು, ಜೊತೆಗಿದ್ದ ಗೆಳೆಯ, ಇಬ್ಬರೂ ಚೆನ್ನಾಗಿದ್ದೇವೆ.

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಎಂಜಿನ್‌ಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್‌ನಲ್ಲಿ ಐಸ್ ಕಟ್ಟಿತ್ತು. ಚಳಿಯೇ ಇರಲಿಲ್ವಲ್ಲ ಅಂತ ತುಂಬಾ ಜನ ಕೇಳಿದರು. ಹೊರಗೆ 20 ಡಿಗ್ರಿ ಇದ್ದರೂ ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಕಟ್ಟುತ್ತದೆ, ಪೆಟ್ರೋಲ್ ಆವಿಯಾಗುವಾಗ ಒಳಗೆ ಅಷ್ಟು ತಣ್ಣಗಾಗುತ್ತದೆ. ಆರ್‌ಪಿಎಂ, ಅಂದರೆ ಎಂಜಿನ್ ತಿರುಗುವ ವೇಗ, ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು, ನಾನು ಎಂಜಿನ್ ಶಕ್ತಿ ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಒಂಚೂರು ತಳ್ಳಿ ಸುಮ್ಮನಾದೆ. ಆಮೇಲೆ ಕಾರ್ಬ್ ಹೀಟ್ ಎಳೆದೆ, ಎಂಜಿನ್‌ನದೇ ಬಿಸಿಯಿಂದ ಕಾದ ಗಾಳಿಯನ್ನು ಕಾರ್ಬುರೇಟರ್‌ಗೆ ಬಿಟ್ಟು ಐಸ್ ಕರಗಿಸುವ ಹಿಡಿ ಅದು, ಎಂಜಿನ್ ಇನ್ನೂ ಜೋರಾಗಿ ಕೆಮ್ಮಿತು. ಕರಗಿದ ನೀರು ಒಳಗೆ ಹೋಗುವಾಗ ಹಾಗಾಗುತ್ತದೆ, ತಡಕೊಂಡಿರಬೇಕು. ನಾನು ಹೆದರಿ ವಾಪಸ್ ತಳ್ಳಿಬಿಟ್ಟೆ. ಮುಗೀತು. ಎಂಜಿನ್ ನಿಂತ ಮೇಲೆ ಬಿಸಿ ಎಲ್ಲಿಂದ ಬರಬೇಕು?

ನೆಲದಿಂದ 2,800 ಅಡಿ ಮೇಲಿದ್ದೆವು. ನನ್ನ ಹಳೇ ಸೆಸ್ನಾ 172 ವಿಮಾನ ಎಂಜಿನ್ ಇಲ್ಲದೆ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಹೋಗುತ್ತದೆ. ಲೆಕ್ಕ ಹಾಕಿದರೆ ಕೈಯಲ್ಲಿದ್ದದ್ದು ಹೆಚ್ಚೂಕಡಿಮೆ ನಾಲ್ಕು ನಿಮಿಷ.

ಸರ್, ಹಾರೋದು ಕಲಿಸುವಾಗ ಮಾತಿನ ಮಧ್ಯೆ ಥಟ್ಟಂತ ಥ್ರಾಟಲ್ ಎಳೆದು ಎಂಜಿನ್ ಶಕ್ತಿ ಇಳಿಸಿ, ಕೈಕಟ್ಟಿ ಕಿಟಕಿಯಾಚೆ ನೋಡುತ್ತಾ ಕೂತುಬಿಡುತ್ತಿದ್ದಿರಿ. ಒಂದು ಮಾತಿಲ್ಲ. ಆಗ ಮನಸ್ಸಲ್ಲೇ ಎಷ್ಟು ಬೈದುಕೊಂಡಿದ್ದೆ ಗೊತ್ತಾ? ಅವತ್ತು ಮಾತ್ರ ನಾನು ಯೋಚಿಸುವ ಮೊದಲೇ ಕೈ ತಾನಾಗಿ ವೇಗವನ್ನು ಎಂಜಿನ್ ಇಲ್ಲದೆ ಅತಿ ದೂರ ತೇಲಿಸುವ 65 ನಾಟ್‌ಗೆ (ಗಂಟೆಗೆ ಸುಮಾರು 120 ಕಿ.ಮೀ.) ತಂದಿತ್ತು, ಕಣ್ಣು ಹೊಲ ಹುಡುಕುತ್ತಿತ್ತು, ಎಂಜಿನ್ ಮತ್ತೆ ಹೊತ್ತಿಕೊಳ್ಳಲಿ ಅಂತ ಬೆರಳು ಇಂಧನದ ಟ್ಯಾಂಕ್ ಆರಿಸುವ ಫ್ಯೂಯೆಲ್ ಸೆಲೆಕ್ಟರ್, ಇಂಧನ-ಗಾಳಿಯ ಪ್ರಮಾಣದ ಮಿಕ್ಸ್ಚರ್, ಕಿಡಿ ಕೊಡುವ ಮ್ಯಾಗ್ನೆಟೋ ಅಂತ ಒಂದೊಂದೇ ಮುಟ್ಟುತ್ತಾ ಹೋಗುತ್ತಿತ್ತು. "ತಂತಿ ಕಾಣಲ್ಲ, ಕಂಬ ನೋಡು" ಅಂತಿದ್ದಿರಲ್ಲ, ಮೊದಲು ಆರಿಸಿದ ಹೊಲದ ಅಂಚಿನಲ್ಲಿ ಕರೆಂಟ್ ಕಂಬಗಳ ಸಾಲು ಕಂಡಿತು. ಇನ್ನೂ ಎತ್ತರ ಇತ್ತು, ಪಕ್ಕದ ಕೊಯ್ಲಾದ ಹೊಲಕ್ಕೆ ಗಾಳಿಗೆದುರಾಗಿ ತಿರುಗಿಸಿದೆ.

ರೇಡಿಯೋದ ಆ ಕಡೆ ವಿಮಾನ ಸಂಚಾರ ನಿಯಂತ್ರಣದಲ್ಲಿದ್ದ ಮೇಡಂ, ನಿಮ್ಮ ಮುಖ ನಾನು ನೋಡಿಲ್ಲ. ಪ್ರಾಣಾಪಾಯದ ಕರೆಯಾದ ‘ಮೇಡೇ’ ಅಂದ ಮೇಲೆ ನೀವು ಕೇಳಿದ್ದು ಎರಡೇ, ಎಷ್ಟು ಜನ, ಇಂಧನ ಎಷ್ಟು. ಆಮೇಲೆ "ಉತ್ತರ ಬೇಡ, ವಿಮಾನ ನೋಡಿಕೊಳ್ಳಿ" ಅಂದು ಸುಮ್ಮನಾದಿರಿ, ಬೇರೆಯವರನ್ನೂ ಸುಮ್ಮನಿರಿಸಿದಿರಿ. ಆ ನಿಶ್ಶಬ್ದದಷ್ಟು ಉಪಕಾರ ಇನ್ನೇನೂ ಮಾಡೋಕಾಗ್ತಿರಲಿಲ್ಲ.

ಪಕ್ಕದಲ್ಲಿದ್ದ ಗೆಳೆಯ, ನೀನು ಕಿರುಚಲಿಲ್ಲ ಕಣೋ. ಇಳಿಯುವಾಗ ಬಾಗಿಲು ಸಿಕ್ಕಿಹಾಕಿಕೊಳ್ಳಬಾರದು, ತೆಗೆದಿಡು ಅಂದೆ. ಯಾಕೆ ಅಂತಾನೂ ಕೇಳದೆ ಸಂದಿಗೆ ನಿನ್ನ ಹೊಸ ಜಾಕೆಟ್ಟನ್ನೇ ತುರುಕಿ, ಬೆಲ್ಟ್ ಬಿಗಿ ಮಾಡಿಕೊಂಡು ಕೂತೆ. ಜಾಕೆಟ್ ನನ್ನ ಬಾಕಿ.

ನೆಲ ಮುಟ್ಟುವ ಮೊದಲು, ಬೆಂಕಿ ಹತ್ತದಿರಲಿ ಅಂತ ಇಂಧನ, ಮ್ಯಾಗ್ನೆಟೋ, ಕೊನೆಗೆ ಕರೆಂಟಿನ ಮಾಸ್ಟರ್ ಸ್ವಿಚ್, ಎಲ್ಲ ಆಫ್. ವಿಮಾನ ಎರಡು ಸಲ ಎಗರಿ, ಮುಂದಿನ ಚಕ್ರ ಮಣ್ಣಿಗೆ ಹೂತು ನಿಂತಿತು. ಬಿಸಿ ಲೋಹ ಟಿಕ್ ಟಿಕ್ ಅನ್ನುತ್ತಿದ್ದದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಓಡಿಬಂದ ಹೊಲದ ಯಜಮಾನರು ಹೊಲದ ಬಗ್ಗೆ ಒಂದಕ್ಷರ ಆಡಲಿಲ್ಲ. "ಮೊದಲು ಕೂತ್ಕೊಳ್ಳಿ" ಅಂದು ನೀರಿನ ಬಾಟಲಿ ಕೊಟ್ಟರು. ರೆಕ್ಕೆ ಬಿಚ್ಚಿ ಸಾಗಿಸುವವರೆಗೆ ಮೂರು ದಿನ ವಿಮಾನವನ್ನೂ ಅವರೇ ಕಾದರು. ಯಜಮಾನರೇ, ನಿಮಗೆ ಎಷ್ಟು ಹೇಳಿದರೂ ಸಾಲದು.

ಸರ್, ಮುಂದಿನ ವಾರ ನಿಮ್ಮ ಜೊತೆ ಮತ್ತೆ ಹಾರುತ್ತಿದ್ದೇನೆ. ಥ್ರಾಟಲ್ ಎಳೀತೀರ ಅಂತ ಗೊತ್ತು, ಯಾವಾಗ ಅಂತ ಮಾತ್ರ ಹೇಳಬೇಡಿ.